ಎಂಜಿಬಿಗೆ ಮೂರು ಜೋಡಿ ನಂಬರ್ ಪ್ಲೇಟ್ ಹಾಕ್ಸಿ ನೋಡಿದ ಮೇಲೆ

ಇದು ಬ್ರಿಟನ್ನಿನ ಹಳೇ ಕಾರಿನ ನಂಬರ್ ಪ್ಲೇಟ್ ರಿವ್ಯೂ. ನನ್ನ ಹತ್ರ ಇರೋದು ಎಂಜಿ ಕಂಪನಿಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, 1971ರ ಎಂಜಿಬಿ ಜಿಟಿ, ಕ್ರೋಮ್ ಬಂಪರಿಂದು, ನಂಬರ್ ಕೊನೇಲಿ ಕೆ ಅಕ್ಷರ ಇದೆ, ಅಂದ್ರೆ 1971ರ ಆಗಸ್ಟ್‌ನಿಂದ 1972ರ ಜುಲೈ ಒಳಗೆ ರಿಜಿಸ್ಟರ್ ಆಗಿದ್ದು. ಕಾರು ಮನೆಗೆ ಬಂದು ಮೂರು ವರ್ಷ ಆಯ್ತು, ಅಷ್ಟರಲ್ಲಿ ಮೂರು ಜೋಡಿ ಪ್ಲೇಟ್ ಹಾಕ್ಸಿದೀನಿ. ಮೊದ್ಲು ಕಪ್ಪು ಅಲ್ಯೂಮಿನಿಯಂ ಮೇಲೆ ಬೆಳ್ಳಿ ಬಣ್ಣದ ಉಬ್ಬು ಅಕ್ಷರದ್ದು, ಆಮೇಲೆ ಕಪ್ಪು ತಗಡಿನ ಮೇಲೆ ಒಂದೊಂದೇ ಪ್ಲಾಸ್ಟಿಕ್ ಅಕ್ಷರ ಕೂರಿಸಿದ್ದು, ಈಗ ಇರೋದು ಮುಂದೆ ಬಿಳಿ ಹಿಂದೆ ಹಳದಿ ಇರೋ ರಿಫ್ಲೆಕ್ಟಿವ್ ಅಲ್ಯೂಮಿನಿಯಂ. ಮೂರೂ ಬೇರೆ ಬೇರೆ ಕಡೆ ಮಾಡ್ಸಿದ್ದು. ಒಂದು ತಗಡಿಗೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ ಅಂತ ಮನೇಲೂ ಕೇಳಿದಾರೆ, ಆದ್ರೆ ಹಣೆಗೆ ಕುಂಕುಮ ಹೆಂಗೋ ಕಾರಿನ ಮುಖಕ್ಕೆ ಪ್ಲೇಟ್ ಹಂಗೆ, ಎಲ್ಲಾ ಸರಿ ಇದ್ದು ಅದೊಂದು ವಕ್ರ ಆಗಿದ್ರೆ ಕಣ್ಣು ಅಲ್ಲೇ ಹೋಗಿ ನಿಲ್ಲತ್ತೆ.

ರೂಲ್ಸ್ ವಿಷ್ಯ ಮೊದ್ಲು ಮುಗಿಸ್ತೀನಿ, ಯಾಕಂದ್ರೆ ಎಷ್ಟೋ ಜನ ಇಲ್ಲೇ ಎಡವೋದು. ಬ್ರಿಟನ್ನಲ್ಲಿ ಕಪ್ಪು ಪ್ಲೇಟ್ ಹಾಕ್ಬೇಕು ಅಂದ್ರೆ ಕಾರು 1980ರ ಜನವರಿ 1ಕ್ಕಿಂತ ಮೊದ್ಲು ತಯಾರಾಗಿರ್ಬೇಕು, ಜೊತೆಗೆ ಡಿವಿಎಲ್‌ಎ (ಅಲ್ಲಿನ ವಾಹನ ನೋಂದಣಿ ಇಲಾಖೆ) ದಾಖಲೇಲಿ ಅದು ಹಿಸ್ಟಾರಿಕ್ ವೆಹಿಕಲ್, ಅಂದ್ರೆ ಹಳೇ ವಾಹನಗಳ ಟ್ಯಾಕ್ಸ್ ಕ್ಲಾಸಲ್ಲಿ ಇರ್ಬೇಕು. ಎರಡೂ ಬೇಕು. ಮೊದಲನೇದು ಎಲ್ರಿಗೂ ಗೊತ್ತು, ಎರಡನೇದು ಮರೀತಾರೆ. ಕಾರಿಗೆ ವಯಸ್ಸಾಯ್ತು ಅಂತ ತಾನಾಗೇ ಹಿಸ್ಟಾರಿಕ್ ಆಗಲ್ಲ, ನಾವು ಹೋಗಿ ಅರ್ಜಿ ಹಾಕಿ ಬದಲಾಯಿಸ್ಕೋಬೇಕು. ನನ್ನ ಕಾರು ತಗೊಂಡಾಗ ಮಾರೋರು ಆಗ್ಲೇ ಚಂದದ ಕಪ್ಪು ಪ್ಲೇಟ್ ಹಾಕಿದ್ರು, ನಾನು ಖುಷಿಯಾಗಿ ಓಡಿಸ್ಕೊಂಡು ಬಂದೆ, ಒಂದು ವಾರ ಆದ್ಮೇಲೆ ಲಾಗ್‌ಬುಕ್ (ನಮ್ಮ ಆರ್‌ಸಿ ಥರದ ನೋಂದಣಿ ಪತ್ರ) ಕೈಗೆ ತಗೊಂಡು ಟ್ಯಾಕ್ಸ್ ಕ್ಲಾಸ್ ಸಾಲು ಓದಿದ್ರೆ ಅಲ್ಲಿ ಇನ್ನೂ ಮಾಮೂಲಿ ಕಾರಿನ ಪ್ರೈವೇಟ್ ಲೈಟ್ ಗೂಡ್ಸ್ ಅಂತಾನೇ ಇದೆ! ಅಂದ್ರೆ ಆ ಪ್ಲೇಟ್ ಅಷ್ಟು ದಿನ ರೂಲ್ಸ್ ಪ್ರಕಾರ ತಪ್ಪೇ. ತಪ್ಪು ಪ್ಲೇಟಿಗೆ 1,000 ಪೌಂಡ್‌ವರೆಗೂ ದಂಡ ಹಾಕ್ಬಹುದು. ಮಾರನೇ ದಿನಾನೇ ಲಾಗ್‌ಬುಕ್ ತಗೊಂಡು ಪೋಸ್ಟ್ ಆಫೀಸಿಗೆ ಹೋಗಿ ಬದಲಾಯಿಸೋಕೆ ಕೊಟ್ಟೆ. ಹಿಸ್ಟಾರಿಕ್ ಆದ್ಮೇಲೆ ಟ್ಯಾಕ್ಸ್ ದುಡ್ಡು ಕಟ್ಟೋ ಹಂಗಿಲ್ಲ, ಆದ್ರೆ ಸೊನ್ನೆ ದುಡ್ಡಿಗೇ ಆದ್ರೂ ವರ್ಷ ವರ್ಷ ಟ್ಯಾಕ್ಸ್ ಮಾಡಿಸ್ಲೇಬೇಕು, ಇದನ್ನೂ ಮರೀಬೇಡಿ.

ಈ 1980ರ ಗೆರೆ ಹೊಸದು. ಅದಕ್ಕೆ ಮುಂಚೆ 40 ವರ್ಷ ತುಂಬಿದ ಕಾರುಗಳು ಪ್ರತಿ ವರ್ಷ ಒಂದೊಂದು ಗುಂಪಾಗಿ ಈ ಲೆಕ್ಕಕ್ಕೆ ಸೇರ್ಕೋತಾ ಹೋಗ್ತಿದ್ವು, 2021ರಲ್ಲಿ ಅದನ್ನ ನಿಲ್ಸಿ ಒಂದು ತಾರೀಖಿಗೆ ಗೂಟ ಹೊಡೆದ್ರು. ಒಳ್ಳೇದೇ ಮಾಡಿದ್ರು ಅಂತ ನನ್ನ ಅನಿಸಿಕೆ. ಇಲ್ದಿದ್ರೆ 80ರ ದಶಕದ ಹ್ಯಾಚ್‌ಬ್ಯಾಕ್‌ಗೂ ಕಪ್ಪು ಪ್ಲೇಟ್ ಬಂದಿರೋದು.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿರೋ ಮಾತು. ಕಾನೂನು ಒಪ್ಪೋದು ಬೇರೆ, ಆ ಕಾಲಕ್ಕೆ ಒಪ್ಪೋದು ಬೇರೆ. ಬ್ರಿಟನ್ನಲ್ಲಿ 1973ರ ಜನವರಿ 1ರಿಂದ ಹೊಸ ಕಾರಿಗೆಲ್ಲ ರಿಫ್ಲೆಕ್ಟಿವ್ ಪ್ಲೇಟ್ ಕಡ್ಡಾಯ ಆಯ್ತು, ಮುಂದೆ ಬಿಳಿ, ಹಿಂದೆ ಹಳದಿ. ಅಂದ್ರೆ 1973ರಿಂದ 1979ರವರೆಗೆ ಶೋರೂಮಿಂದ ಹೊರಗೆ ಬಂದ ಕಾರು ಹುಟ್ಟಿದಾಗ ಕಪ್ಪು ಪ್ಲೇಟ್ ಕಂಡೇ ಇಲ್ಲ. ಇವತ್ತು ಕಾನೂನು ಹಾಕ್ಕೋ ಅನ್ನತ್ತೆ, ಆದ್ರೆ ಆ ಕಾರಿಗೆ ಅದು ಅದರದಲ್ಲ. ನನ್ನ ಗೆಳೆಯನ ಹತ್ರ ಎಸ್ ಅಕ್ಷರದ ಎಂಜಿಬಿ ಇದೆ, 1977ರದ್ದು. 1974ರಿಂದ ಎಂಜಿಬಿಗೆ ಬಂದ್ವಲ್ಲ ದಪ್ಪ ಕಪ್ಪು ರಬ್ಬರ್ ಬಂಪರ್, ಅದೇ ಮಾಡೆಲ್. ಅದಕ್ಕೆ ಅವನು ಕಪ್ಪು ಬೆಳ್ಳಿ ಪ್ಲೇಟ್ ಹಾಕ್ಸಿ ಬಂದ. "ಹೆಂಗಿದೆ ಗುರು" ಅಂದ. ಪ್ಲೇಟ್ ಕೆಲಸ ಬಹಳ ಚೆನ್ನಾಗಿತ್ತು, ನಾನು ಅದನ್ನ ಹೇಳ್ದೆ, ಜೊತೆಗೆ ಕಾರಿಗೆ ಹೊಂದಲ್ಲ ಅಂತಾನೂ ಹೇಳ್ದೆ, ಕಪ್ಪು ಬಂಪರ್ ಮೇಲೆ ಕಪ್ಪು ಪ್ಲೇಟ್ ಕಾಣೋದೇ ಇಲ್ಲ, ಹಳದಿ ಇದ್ದಾಗ ಕಾರಿನ ಹಿಂಭಾಗಕ್ಕೆ ಒಂದು ಜೀವ ಇತ್ತು. ಒಂದು ತಿಂಗಳು ಮುಖ ಊದಿಸ್ಕೊಂಡಿದ್ದ. ಆಮೇಲೆ ಹಳೇ ಹಳದೀನೇ ವಾಪಸ್ ಹಾಕ್ದ.

ನನ್ನ ಕಾರು ಇನ್ನೂ ಸೂಕ್ಷ್ಮದ ಜಾಗದಲ್ಲಿದೆ, ಅದಕ್ಕೇ ಮೂರು ಜೋಡಿ ಆಗಿದ್ದು. ರಿಫ್ಲೆಕ್ಟಿವ್ ಪ್ಲೇಟ್ ಕಡ್ಡಾಯ ಆಗಿದ್ದು 1973ರಲ್ಲಾದ್ರೂ, ಬೇಕಾದೋರು ಹಾಕ್ಕೊಳ್ಳಿ ಅಂತ 60ರ ದಶಕದ ಕೊನೇಲೇ ಬಿಟ್ಟಿದ್ರು. ಹಂಗಾಗಿ 1971ರ ಕಾರಿಗೆ ಕಪ್ಪೂ ಇರಬಹುದಿತ್ತು, ಹಳದೀನೂ ಇರಬಹುದಿತ್ತು, ಅದು ಡೀಲರ್ ಏನು ಸ್ಟಾಕ್ ಇಟ್ಟಿದ್ದ, ತಗೊಂಡೋರು ಏನು ಕೇಳಿದ್ರು ಅನ್ನೋದರ ಮೇಲೆ. ಜೆ, ಕೆ, ಎಲ್ ಅಕ್ಷರದ ಕಾರು ಇರೋರೆಲ್ಲ ಈ ತೊಳಲಾಟ ಪಟ್ಟಿರ್ತಾರೆ. ಎಲ್ ಅಂತೂ 1972ರ ಆಗಸ್ಟ್‌ನಿಂದ 1973ರ ಜುಲೈ, ಗೆರೆ ನಡುವೇನೇ ಹಾದು ಹೋಗಿದೆ, ಅದೇ ಅಕ್ಷರದ ಎರಡು ಕಾರಲ್ಲಿ ಒಂದು ಡಿಸೆಂಬರಲ್ಲಿ ರಸ್ತೆಗೆ ಬಂದಿದ್ರೆ ಕಪ್ಪು ಆಗಿರಬಹುದು, ಜನವರೀಲಿ ಬಂದಿದ್ರೆ ಇಲ್ಲ.

ಮೊದಲನೇ ಜೋಡಿ. ಮಾರಿದೋರು ಹಾಕಿದ್ದ ಪ್ಲೇಟ್ ನೋಡೋಕೆ ಚೆನ್ನಾಗಿದ್ರೂ ಹತ್ರ ಹೋದ್ರೆ ಅಕ್ಷರ ಉಬ್ಬೇ ಇರ್ಲಿಲ್ಲ, ಸಪಾಟು ಪ್ಲಾಸ್ಟಿಕ್ ಮೇಲೆ ಪ್ರಿಂಟ್ ಹೊಡೆದಿದ್ದು, ಉಬ್ಬಿದಂಗೆ ಕಾಣ್ಲಿ ಅಂತ ನೆರಳು ಬೇರೆ ಬಿಡಿಸಿದ್ರು. ಅದನ್ನ ತೆಗೆಸಿ ಅಲ್ಯೂಮಿನಿಯಂ ಒತ್ತಿ ಮಾಡೋರ ಹತ್ರ ಆರ್ಡರ್ ಕೊಟ್ಟೆ. ಲಾಗ್‌ಬುಕ್ಕು, ಡ್ರೈವಿಂಗ್ ಲೈಸೆನ್ಸು ಎರಡೂ ಕೇಳಿದ್ರು, ಕೇಳ್ಬೇಕು ಕೂಡ, ರಿಜಿಸ್ಟರ್ ಆಗಿರೋ ಪ್ಲೇಟ್ ಅಂಗಡಿಯೋರು ಕಾಗದ ನೋಡ್ದೆ ರಸ್ತೆ ಮೇಲೆ ಓಡೋ ಪ್ಲೇಟ್ ಕೊಡಂಗಿಲ್ಲ. ಏನೂ ಕೇಳ್ದೆ ಶೋಗೆ ಮಾತ್ರ ಅಂತ ಮಾರೋರು ಇದಾರೆ, ಅಂಥಾ ಕಡೆ ತಗೋಬೇಡಿ. ಹತ್ತು ದಿನಕ್ಕೆ ಬಂತು. ಕೈಲಿ ಹಿಡಿದ ತಕ್ಷಣ ಗೊತ್ತಾಯ್ತು ವ್ಯತ್ಯಾಸ. ತಗಡನ್ನ ಡೈ ಮೇಲೆ ಇಟ್ಟು ಒತ್ತಿದಾಗ ಅಕ್ಷರದ ಅಂಚು ಹಂಗೇ ಕತ್ತರಿಸಿದಂಗೆ ನಿಲ್ಲಲ್ಲ, ಸ್ವಲ್ಪ ದುಂಡಾಗಿ ಇಳಿಯತ್ತೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಇಳಿಜಾರಲ್ಲಿ ಒಂದು ತೆಳ್ಳಗಿನ ಬೆಳಕಿನ ಗೆರೆ ಓಡತ್ತೆ, ಪ್ಲೇಟ್ ಹಿಂದೆ ತಿರುಗಿಸಿದ್ರೆ ನಂಬರ್ ಕನ್ನಡೀಲಿ ಕಂಡಂಗೆ ಗುಳಿ ಗುಳಿಯಾಗಿ ಕಾಣತ್ತೆ. ಆ ನೆರಳು ಬಿಡಿಸಿದ ಪ್ಲಾಸ್ಟಿಕ್ ಇದರ ಮುಂದೆ ಏನೇನೂ ಅಲ್ಲ.

ಒಂದೇ ಕೊರತೆ, ಅಕ್ಷರದ ಅಳತೆ. ಹಳೇ ಕಾಲದ ದೊಡ್ಡ ಅಳತೆ ಅಂದ್ರೆ ಅಕ್ಷರ 3½ ಇಂಚು ಎತ್ತರ, 2½ ಇಂಚು ಅಗಲ. ಆಮೇಲಿನ ಚಿಕ್ಕ ಅಳತೆ 3⅛ ಇಂಚು ಎತ್ತರ, 2¼ ಅಗಲ, ಅಂದ್ರೆ ಸುಮಾರು 79ಕ್ಕೆ 57 ಮಿಲಿಮೀಟರ್. 2001ರ ಸೆಪ್ಟೆಂಬರಲ್ಲಿ ಹೊಸ ನಂಬರ್ ಪದ್ಧತಿ ಬಂದಾಗ ಎತ್ತರ 79 ಮಿಲಿಮೀಟರ್ ಹಂಗೇ ಇಟ್ಟು ಅಗಲ 57ರಿಂದ 50ಕ್ಕೆ ಇಳಿಸಿದ್ರು, ಇವತ್ತಿನ ಕಾರಲ್ಲಿ ಅಕ್ಷರಗಳು ಒತ್ಕೊಂಡು ನಿಂತಂಗೆ ಕಾಣೋದು ಅದಕ್ಕೇ. ನನಗೆ ಬಂದ ಜೋಡೀಲಿ ಅಕ್ಷರ ಈ ಇವತ್ತಿನ ಸಣಕಲು ಆಕಾರದ್ದೇ. ಕಪ್ಪು ಪ್ಲೇಟು, ಬೆಳ್ಳಿ ಅಕ್ಷರ, ಎಲ್ಲಾ ಸರಿ, ಆದ್ರೆ ಅಕ್ಷರ 2001ರ ನಂತರದ್ದು. ಹತ್ತು ಅಡಿ ದೂರದಿಂದ ನೋಡಿದೋರಿಗೆ ಯಾಕೋ ಏನೋ ಸರಿ ಇಲ್ಲ ಅನಿಸತ್ತೆ, ಏನು ಅಂತ ಹೇಳೋಕಾಗಲ್ಲ. ಆರ್ಡರ್ ಕೊಡೋವಾಗ ನಾನು ಬಣ್ಣ ಕೇಳ್ದೆ, ಲೋಹ ಕೇಳ್ದೆ, ಅಳತೆ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ನೀವು ಯಾರ ಹತ್ರ ಮಾಡ್ಸಿದ್ರೂ ಅಕ್ಷರದ ಅಗಲ ಎಷ್ಟು ಮಿಲಿಮೀಟರ್ ಅಂತ ಮೊದ್ಲೇ ಬರೆಸ್ಕೊಳ್ಳಿ. ಜೋಡಿಗೆ ಸುಮಾರು 40 ಪೌಂಡ್ ಕೊಟ್ಟೆ, ಕೆಲಸದ ಗಟ್ಟಿತನಕ್ಕೆ ಐದಕ್ಕೆ ನಾಲ್ಕು ಕೊಡ್ತೀನಿ, ಕಾಲಕ್ಕೆ ಹೊಂದೋದರಲ್ಲಿ ಎರಡೇ.

ಎರಡನೇ ಜೋಡಿ ಕೈಕೆಲಸ. ಕಪ್ಪು ಬಣ್ಣದ ತಗಡು, ಅದರ ಮೇಲೆ ಅಚ್ಚಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಅಕ್ಷರ, ಪ್ರತಿ ಅಕ್ಷರದ ಬೆನ್ನಿಗೆ ಮೊಳೆ ಥರ ಕಡ್ಡಿ ಇರತ್ತೆ, ತಗಡಿಗೆ ತೂತು ಕೊರೆದು ಕಡ್ಡಿ ತೂರಿಸಿ ಹಿಂದೆ ಭದ್ರ ಮಾಡ್ತಾರೆ. 60ರ ದಶಕದ ಇಂಗ್ಲಿಷ್ ಕಾರುಗಳಲ್ಲಿ ಇದು ಬಹಳ ಕಾಣಸಿಗತ್ತೆ. ಇದನ್ನ ಮಾಡಿಕೊಟ್ಟ ಹಿರಿಯರು ತಮ್ಮ ಮನೆ ಹಿಂದಿನ ಶೆಡ್ಡಲ್ಲೇ ಕೆಲಸ ಮಾಡೋದು, ನಾನು ಹೋದಾಗ ಅಕ್ಷರಗಳನ್ನ ಹಳೇ ಬಿಸ್ಕೆಟ್ ಡಬ್ಬಿಗಳಲ್ಲಿ ಒಂದೊಂದು ಡಬ್ಬಿಗೆ ಒಂದೊಂದು ಅಕ್ಷರ ಅಂತ ಜೋಡಿಸಿ ಇಟ್ಟಿದ್ರು. ಮೊದ್ಲು ಕೇಳಿದ್ದೇ ಲಾಗ್‌ಬುಕ್, ಆಮೇಲೆ ಕಾರಿನ ಫೋಟೋ. ನೋಡಿ, "ಇದಕ್ಕೆ ಕಪ್ಪೇ ಇತ್ತು ಅಂತ ನಿಮಗೆ ಹೆಂಗೆ ಗೊತ್ತು?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಕೊನೆಗೆ ಮಾಡಿಕೊಟ್ರು, ಕೆಲಸ ಅಂದ್ರೆ ಅದು ಕೆಲಸ, ಅಕ್ಷರ ಅಕ್ಷರದ ಮಧ್ಯದ ಜಾಗ ಅರ್ಧ ಇಂಚು, ಅಕ್ಷರಕ್ಕೂ ಅಂಕೆಗೂ ಮಧ್ಯ ಒಂದೂವರೆ ಇಂಚು, ಅಳತೆ ಪಟ್ಟಿ ಇಟ್ಟು ಪೆನ್ಸಿಲಲ್ಲಿ ಗುರುತು ಮಾಡಿ ನನ್ನ ಕಣ್ಣೆದುರೇ ಕೊರೆದ್ರು. ಅಕ್ಷರದ ಕೆಳಗಡೆ ನೆರಳು ಬೀಳತ್ತಲ್ಲ, ನಿಜವಾದ ನೆರಳು, ಅದು ಬೇರೆ ಯಾವ ಪ್ಲೇಟಲ್ಲೂ ಬರಲ್ಲ. ಒತ್ತಿದ ಅಲ್ಯೂಮಿನಿಯಂಗಿಂತ ಬೆಲೆ ಹೆಚ್ಚು, ಹೆಚ್ಚು ಕಮ್ಮಿ ಎರಡರಷ್ಟು. ತೊಳೆಯೋದು ಮಾತ್ರ ತಾಳ್ಮೆ ಕೆಲಸ, ಅಕ್ಷರದ ಸಂದೀಲಿ ಚಳಿಗಾಲದಲ್ಲಿ ರಸ್ತೆಗೆ ಹಾಕೋ ಉಪ್ಪು ಕೂತ್ಕೊಳತ್ತೆ, ಹಳೇ ಟೂತ್ ಬ್ರಷ್ ಬೇಕು. ಪ್ರೆಷರ್ ವಾಷರ್ ಹತ್ರಾನೂ ತರಬೇಡಿ.

ಕಪ್ಪು ಪ್ಲೇಟ್ ಇಟ್ಕೊಂಡು ಓಡಾಡೋರಿಗೆ ಇನ್ನೊಂದು ಅನುಭವ ಹೇಳ್ಬೇಕು. ಪೇಟೆಯ ಒಂದು ಪಾರ್ಕಿಂಗಲ್ಲಿ ಗೇಟ್ ಕ್ಯಾಮೆರಾ ನನ್ನ ನಂಬರ್ ಓದ್ಲೇ ಇಲ್ಲ. ಹಿಂದೆ ಆರು ಕಾರು ನಿಂತಿದ್ವು, ಮಳೆ ಬೇರೆ. ಕಾರಣ ಸರಳ, ಈ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕು ಬಿಟ್ಟು ಪ್ಲೇಟಿಂದ ವಾಪಸ್ ಬರೋದನ್ನ ಓದೋದು, ರಿಫ್ಲೆಕ್ಟಿವ್ ಹಾಳೆ ಆ ಬೆಳಕನ್ನ ಬಂದ ದಾರೀಲೇ ತಿರುಗಿಸಿ ಕಳಿಸತ್ತೆ, ಹಿನ್ನೆಲೆ ಬೆಳ್ಳಗೆ ಕಂಡು ಕಪ್ಪು ಅಕ್ಷರ ಎದ್ದು ಕಾಣತ್ತೆ. ಕಪ್ಪು ಪ್ಲೇಟಲ್ಲಿ ವಾಪಸ್ ಬರೋಕೆ ಏನೂ ಇಲ್ಲ. ಹಂಗಂತ ಕಪ್ಪು ಪ್ಲೇಟಿಂದ ಕ್ಯಾಮೆರಾ ತಪ್ಪಿಸ್ಕೋಬಹುದು ಅಂತ ಲೆಕ್ಕ ಹಾಕೋರು ಇದಾರೆ, ಅದು ಶುದ್ಧ ತಪ್ಪು, ಅಂಥೋರಿಂದಾನೇ ನಾಳೆ ಎಲ್ರಿಗೂ ಕಪ್ಪು ಪ್ಲೇಟ್ ನಿಲ್ಲಿಸಿಬಿಡಬಹುದು. ರಾತ್ರಿ ಹೊತ್ತು ಹಿಂದಿನ ಪ್ಲೇಟ್ ಲೈಟ್ ಕೂಡ ಮುಖ್ಯ, ಅದು ಕೆಟ್ರೆ ಕಪ್ಪು ಪ್ಲೇಟ್ ಇದ್ದೂ ಇಲ್ಲದಂಗೆ. ನನ್ನದರಲ್ಲಿ ಅರ್ತ್ ವೈರ್ ತುಕ್ಕು ಹಿಡಿದು ಮಿಣ ಮಿಣ ಅಂತಿತ್ತು, ಉಪ್ಪುಕಾಗದ ಹಾಕಿ ತಿಕ್ಕಿದ್ಮೇಲೆ ಸರಿ ಹೋಯ್ತು.

ಆ ಹಿರಿಯರ ಪ್ರಶ್ನೆ ತಲೇಲೇ ಕೊರೀತಿತ್ತು. ಕಾರಿನ ಜೊತೆ ಬಂದ ಕಾಗದದ ಫೈಲ್ ನಾನು ಸರಿಯಾಗಿ ನೋಡಿರ್ಲಿಲ್ಲ, ಸರ್ವಿಸ್ ಬಿಲ್ಲು, ಹಳೇ ಎಂಒಟಿ (ಗಾಡಿ ಫಿಟ್‌ನೆಸ್ ಪರೀಕ್ಷೆ) ಸರ್ಟಿಫಿಕೇಟು, ಅದರ ಮಧ್ಯ ಒಂದು ಲಕೋಟೆ, ಒಳಗೆ ಮೂರು ಕಲರ್ ಫೋಟೋ. ಒಂದರ ಹಿಂದೆ ಪೆನ್ನಲ್ಲಿ 1972ರ ಬೇಸಿಗೆ ತಿಂಗಳು ಬರೆದಿದೆ. ಸಮುದ್ರದ ದಂಡೆ, ಕಾರಿನ ಹಿಂಬದಿ ಬಾಗಿಲು ತೆರೆದಿದೆ, ಒಂದು ಮಗು ಕೂತು ಐಸ್‌ಕ್ರೀಮ್ ತಿಂತಿದೆ, ಮಗುವಿನ ಕಾಲ ಕೆಳಗೆ ನಂಬರ್ ಪ್ಲೇಟ್. ಹಳದಿ! ಬಣ್ಣ ಮಾಸಿದ್ರೂ ಅನುಮಾನಾನೇ ಇಲ್ಲ. 1973ಕ್ಕೆ ಮುಂಚೇನೇ ಆ ಕಾರಿಗೆ ರಿಫ್ಲೆಕ್ಟಿವ್ ಪ್ಲೇಟ್ ಇತ್ತು. ಭೂತಗನ್ನಡಿ ಇಟ್ಟು ನೋಡಿದ್ರೆ ಪ್ಲೇಟ್ ಕೆಳ ಅಂಚಲ್ಲಿ ಡೀಲರ್ ಹೆಸರಿನ ಸಾಲು ಇರೋದೂ ಕಾಣತ್ತೆ, ಓದೋಕಾಗಲ್ಲ. ನಾನು ಎರಡು ವರ್ಷ ಕಪ್ಪು ಕಪ್ಪು ಅಂತ ಕುಣಿದಿದ್ದೆ, ಯಾಕಂದ್ರೆ ಹಳೇ ಕಾರು ಅಂದ್ರೆ ಕಪ್ಪು ಪ್ಲೇಟ್ ಅಂತ ಮನಸ್ಸಲ್ಲಿ ಕೂತುಬಿಟ್ಟಿತ್ತು. ಕಾರು ತನ್ನ ಕಥೆ ತಾನೇ ಲಕೋಟೇಲಿ ಇಟ್ಕೊಂಡಿತ್ತು.

ಹಂಗಾಗಿ ಮೂರನೇ ಜೋಡಿ. ಒತ್ತಿದ ಅಲ್ಯೂಮಿನಿಯಂ, ರಿಫ್ಲೆಕ್ಟಿವ್ ಹಾಳೆ, ಕಪ್ಪು ಉಬ್ಬು ಅಕ್ಷರ, ಮುಂದೆ ಬಿಳಿ ಹಿಂದೆ ಹಳದಿ, ಎಡಗಡೆ ಬಾವುಟ ನೀಲಿ ಪಟ್ಟಿ ಅಂತೆಲ್ಲ ಏನೂ ಇಲ್ಲ. ಈ ಸಲ ಅಕ್ಷರದ ಅಗಲ 57 ಬೇಕು ಅಂತ ಬರೆದು ಕಳಿಸ್ದೆ, ಅವರು ಫೋನ್ ಮಾಡಿ ಮತ್ತೆ ಕೇಳಿ ಖಚಿತ ಮಾಡ್ಕೊಂಡ್ರು, ಇದು ನನಗೆ ಬಹಳ ಹಿಡಿಸ್ತು. ಡೀಲರ್ ಹೆಸರು ಹಾಕಿಸ್ಲಿಲ್ಲ, ಓದೋಕೆ ಆಗದ್ದನ್ನ ಊಹೆ ಮಾಡಿ ಬರೆಸೋದು ನನಗೆ ಸರಿ ಕಾಣ್ಲಿಲ್ಲ. ಜೊತೆಗೆ ಕೊಟ್ಟ ಸ್ಕ್ರೂ ಮಾತ್ರ ಕಳಪೆ, ಮೇಲೆ ಪ್ಲಾಸ್ಟಿಕ್ ಟೋಪಿ ಬೇರೆ, ಎಲ್ಲಾ ಎಸೆದು ಸ್ಟೇನ್‌ಲೆಸ್ ಸ್ಕ್ರೂಗೆ ನೈಲಾನ್ ವಾಷರ್ ಹಾಕಿ ಕೂರಿಸ್ದೆ, ವಾಷರ್ ಇಲ್ದೆ ಸ್ಟೀಲು ನೇರ ಅಲ್ಯೂಮಿನಿಯಂ ಮೇಲೆ ಕೂತ್ರೆ ಉಪ್ಪು ನೀರು ಬಿದ್ದಾಗ ಸುತ್ತ ಬೆಳ್ಳಗೆ ಪುಡಿ ಏಳತ್ತೆ. ಅಂಟು ಪಟ್ಟಿ ಹಾಕಿ ಅಂಟಿಸೋ ಕೆಲಸ ಬೇಡ, ಒತ್ತಿದ ಪ್ಲೇಟಿನ ಹಿಂಭಾಗ ಸಪಾಟಾಗಿ ಇರಲ್ಲ, ಹಿಡಿಯಲ್ಲ. ಅಕ್ಷರದ ಮೇಲಿನ ಕಪ್ಪು ಬಣ್ಣ ಒಂದು ಚಳಿಗಾಲ ಕಳೆದ್ರೂ ಎಲ್ಲೂ ಎದ್ದಿಲ್ಲ. ಐದಕ್ಕೆ ನಾಲ್ಕೂವರೆ, ಆ ಅರ್ಧ ಸ್ಕ್ರೂಗೆ ಹೋಯ್ತು.

ಪ್ಲೇಟ್ ಬಗ್ಗೆ ಮಾತಾಡ್ತಾ ನಂಬರ್ ಬಗ್ಗೆ ಹೇಳ್ದೇ ಇರೋಕಾಗಲ್ಲ. ಬ್ರಿಟನ್ನಿನ ಹಳೇ ನಂಬರಲ್ಲಿ ಮೂರು ಅಕ್ಷರದ ಗುಂಪು ಇದ್ರೆ ಆ ಗುಂಪಿನ ಕೊನೇ ಎರಡು ಅಕ್ಷರ ಊರು ಹೇಳತ್ತೆ. ಎಂಜಿ ಫ್ಯಾಕ್ಟರಿ ಇದ್ದ ಅಬಿಂಗ್ಡನ್ ಆಗ ಬರ್ಕ್‌ಷೈರ್‌ಗೆ ಸೇರಿತ್ತು, ಬರ್ಕ್‌ಷೈರ್ ಗುರುತುಗಳಲ್ಲಿ ಬಿಎಲ್, ಆರ್‌ಎಕ್ಸ್ ಇದ್ವು, ಅದಕ್ಕೇ ಫ್ಯಾಕ್ಟರಿ ರೇಸಿಗೆ ಕಳಿಸಿದ ಕಾರುಗಳಲ್ಲಿ ಈ ಅಕ್ಷರಗಳು ಕಾಣೋದು, 1963ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿಗೆ ಹೋದ ಎಂಜಿಬಿ ನಂಬರ್ 7 ಡಿಬಿಎಲ್. ಬರೀ ನಂಬರ್ ನೋಡಿ ಕಾರು ಎಲ್ಲಿ ಯಾವಾಗ ಮೊದ್ಲು ರಸ್ತೆಗಿಳೀತು ಅಂತ ಹೇಳ್ಬಹುದು, 1963ರಲ್ಲಿ ಎ ಅಕ್ಷರದಿಂದ ವರ್ಷದ ಗುರುತು ಶುರು ಆದ್ಮೇಲಂತೂ ತಿಂಗಳ ಲೆಕ್ಕಕ್ಕೆ ಹತ್ರ ಬರ್ಬಹುದು, ಇ ಅಕ್ಷರ ಇದ್ರೆ 1967ರ ಮೊದಲ ಏಳೇ ತಿಂಗಳು. ಇಷ್ಟೆಲ್ಲ ಹೇಳೋ ನಂಬರನ್ನ ಮಾರಿಕೊಂಡು, ವರ್ಷ ಗೊತ್ತಾಗದ ಐ ಅಥವಾ ಝಡ್ ಇರೋ ಉತ್ತರ ಐರ್ಲೆಂಡಿನ ನಂಬರ್ ಹಾಕಿರೋ ಕಾರು ನೋಡಿದಾಗ ನನಗೆ ಸಂಕಟ ಆಗತ್ತೆ. ಎಂಥಾ ಒಳ್ಳೇ ಪ್ಲೇಟ್ ಮಾಡ್ಸಿದ್ರೂ ಅದರ ಮೇಲಿರೋದು ಬೇರೆ ಯಾರದ್ದೋ ಹೆಸರು. ಹಳೇ ನಂಬರ್ ದಾಖಲೇಲಿ ಕಳೆದು ಹೋಗಿದ್ರೆ, 1983ಕ್ಕೆ ಮುಂಚಿನ ಕಾರಿಗೆ ಪುರಾವೆ ಕೊಟ್ಟು ವಾಪಸ್ ಪಡೆಯೋಕೆ ಡಿವಿಎಲ್‌ಎ ವಿ765 ಅನ್ನೋ ದಾರಿ ಇಟ್ಟಿದೆ, ಹಂಗೆ ಸಿಕ್ಕಿದ ನಂಬರನ್ನ ಆಮೇಲೆ ಮಾರೋಕೆ ಬಿಡಲ್ಲ, ಅದೂ ನ್ಯಾಯಾನೇ.

ಯಾವುದು ತಗೋಬೇಕು ಅಂತ ಕೇಳಿದ್ರೆ, 60ರ ದಶಕದ ಮಧ್ಯದವರೆಗಿನ ಕಾರಿಗೆ ಕಣ್ಣು ಮುಚ್ಚಿ ಕಪ್ಪು, ದುಡ್ಡಿದ್ರೆ ಕೂರಿಸಿದ ಅಕ್ಷರದ್ದು, ಇಲ್ಲಾಂದ್ರೆ ಅಳತೆ ಕೇಳಿ ಒತ್ತಿದ ಅಲ್ಯೂಮಿನಿಯಂ. 1973ರ ನಂತರದ್ದಕ್ಕೆ ಹಳದಿ ಬಿಳೀನೇ ಚೆಂದ. ನಡುವಿನ ಐದಾರು ವರ್ಷದ ಕಾರಾದ್ರೆ ಆರ್ಡರ್ ಕೊಡೋ ಮುಂಚೆ ಫೈಲ್ ತೆಗೆದು ನೋಡಿ, ಹಳೇ ಓನರ್ ಸಿಕ್ಕಿದ್ರೆ ಒಂದು ಫೋಟೋ ಕೇಳಿ, ಪ್ಲೇಟ್ ಬಿಚ್ಚಿ ಹಿಂದಿನ ತಗಡಲ್ಲಿ ಏನಿದೆ ನೋಡಿ. ನಾನು ಮೂರನೇ ಜೋಡಿ ಕೂರಿಸೋವಾಗ ಹಿಂದಿನ ಬ್ರಾಕೆಟ್ ಬಿಚ್ಚಿ ಉಜ್ಜಿದೆ, ಬಣ್ಣದ ಪದರದ ಕೆಳಗೆ ಯಾರೋ ಹಿಂದೆ ಮುಚ್ಚಿದ್ದ ಎರಡು ತೂತು ಕಂಡ್ವು, ಆ ಕಪ್ಪು ಪ್ಲೇಟುಗಳ ಯಾವ ತೂತಿಗೂ ಅವು ಹೊಂದ್ತಿರ್ಲಿಲ್ಲ. ಅವೇ ಎರಡು ತೂತು ಬಿಡಿಸಿ, ಹೊಸ ಹಳದಿ ಪ್ಲೇಟಿಗೆ ಅದೇ ಅಳತೇಲಿ ಕೊರೆದು, ಸ್ಕ್ರೂ ಹಾಕ್ದೆ.